ವಾರಕ್ಕೆ ಏಳು, ವಾರಕ್ಕೆ ಒಂಬತ್ತು

ನನ್ನ ಹತ್ತಿರ ಮಾತ್ರೆ ಹಾಕಿಡುವ ಪ್ಲಾಸ್ಟಿಕ್ ಡಬ್ಬಿ ಒಂದಿದೆ. ಉದ್ದಕ್ಕೆ ಏಳು ಗೂಡು, ಒಂದೊಂದರ ಮುಚ್ಚಳದ ಮೇಲೂ ಒಂದೊಂದು ವಾರದ ಹೆಸರು. ಭಾನುವಾರ ರಾತ್ರಿ ಕೂತು ಥೈರಾಯ್ಡ್ ಮಾತ್ರೆ ಎಣಿಸಿ ತುಂಬುತ್ತೇನೆ. ಗೂಡಿಗೊಂದು, ವಾರಕ್ಕೆ ಏಳು. ಎಂಟು ವರ್ಷದಲ್ಲಿ ಐದೇ ಐದು ವಾರ ಆ ಲೆಕ್ಕ ಒಂಬತ್ತಾಗಿತ್ತು. ಸೋಮವಾರ ಎರಡು, ಗುರುವಾರ ಎರಡು, ಮಿಕ್ಕ ದಿನ ಒಂದೊಂದು. ಆ ಐದು ವಾರದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇದೆ. ಅದಕ್ಕಿಂತ ಎರಡು ವರ್ಷ ಮುಂಚೆ, ಒಂಬತ್ತು ಹಾಕಬೇಕಾಗಿದ್ದಾಗ ಏಳೇ ಹಾಕಿದ್ದರ ಬಗ್ಗೆಯೂ.

ನನ್ನ ಕೆಲಸ ಲೆಕ್ಕಪತ್ರ ನೋಡುವುದು. ಎಲ್ಲೋ ಒಂದು ಸಣ್ಣ ಮೊತ್ತ ತಾಳೆಯಾಗದಿದ್ದರೆ ಹಿಂದಕ್ಕೆ ಹಿಂದಕ್ಕೆ ಹೋಗಿ ತಪ್ಪು ಎಲ್ಲಾಯಿತು ಅಂತ ಹಿಡಿಯುವವರೆಗೂ ನನಗೆ ಸಮಾಧಾನ ಇರುವುದಿಲ್ಲ. ಈ ಗುಣ ಆಫೀಸಿನಲ್ಲಿ ಒಳ್ಳೆಯದು. ಮೈ ವಿಷಯದಲ್ಲಿ ಅಷ್ಟೇನೂ ಒಳ್ಳೆಯದಲ್ಲ ಅಂತ ಈಗ ಗೊತ್ತು.

ಥೈರಾಯ್ಡ್ ಗೊತ್ತಾದದ್ದು 26ನೇ ವಯಸ್ಸಿನಲ್ಲಿ. ಯಾವಾಗಲೂ ಸುಸ್ತು, ಕೂದಲು ಉದುರುವುದು, ಎಲ್ಲರೂ ಫ್ಯಾನ್ ಹಾಕಿಕೊಂಡಾಗ ನನಗೆ ಚಳಿ. ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 11.4 ಬಂತು. ಆವತ್ತಿನಿಂದ ನಾನೂ ಎಲ್ಲರ ಹಾಗೆ "ನಂಗೆ ಥೈರಾಯ್ಡ್ ಇದೆ" ಅನ್ನೋಕೆ ಶುರು ಮಾಡಿದೆ. ಥೈರಾಯ್ಡ್ ಎಲ್ಲರಿಗೂ ಇರುತ್ತದೆ, ಕತ್ತಿನ ಮುಂಭಾಗದಲ್ಲಿ ಚಿಟ್ಟೆ ಆಕಾರದ ಒಂದು ಸಣ್ಣ ಗ್ರಂಥಿ ಅದು. ಆದರೆ ನಮ್ಮ ಮಾತಿನಲ್ಲಿ ಅದು ಕೆಟ್ಟುಹೋದವರಿಗೆ ಮಾತ್ರ ಇರುವುದು!

ಅಮ್ಮ ರಿಪೋರ್ಟ್ ನೋಡಿ, "ಜಾಸ್ತಿ ಇದೆಯಲ್ಲೇ, ಮತ್ತೆ ಕಡಿಮೆ ಅಂತಿದ್ದಾರಲ್ಲ ಡಾಕ್ಟರು?" ಅಂದಳು. ಈ ಗೊಂದಲ ಎಲ್ಲರಿಗೂ ಇದೆ. ಟಿಎಸ್‌ಎಚ್ ಥೈರಾಯ್ಡಿನಿಂದ ಬರುವುದಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಕೂಗಿ ಎಬ್ಬಿಸುವ ದನಿ ಅದು. ಒಂದು ಸಲಕ್ಕೆ ಏಳುವ ಮಗುವನ್ನು ಯಾರೂ ಗಟ್ಟಿಯಾಗಿ ಕೂಗುವುದಿಲ್ಲ. ಏಳದೇ ಮಲಗಿದ್ದರೆ ದನಿ ಏರುತ್ತಾ ಹೋಗುತ್ತದೆ. ಅಮ್ಮನಿಗೆ ಹೀಗೆ ಹೇಳಿದಾಗ, "ನಿನ್ನನ್ನ ಸ್ಕೂಲಿಗೆ ಎಬ್ಬಿಸ್ತಿದ್ದ ಹಾಗೆ" ಅಂದಳು. ಹೌದು, ಹಾಗೇ. ನನ್ನ ಥೈರಾಯ್ಡ್ ಏಳುತ್ತಿರಲಿಲ್ಲ.

ಅದಕ್ಕೆ ಕಾರಣ ಹಾಶಿಮೋಟೊ. ಮೈಯ ಕಾವಲು ಪಡೆಯೇ ಥೈರಾಯ್ಡ್ ಗ್ರಂಥಿಯನ್ನು ಪರಕೀಯ ಅಂದುಕೊಂಡು ತಿನ್ನುವ ಕಾಯಿಲೆ. 1912ರಲ್ಲಿ ಹಕಾರು ಹಾಶಿಮೋಟೊ ಅನ್ನುವ ಜಪಾನಿನ ಡಾಕ್ಟರ್ ನಾಲ್ಕು ಜನ ಹೆಂಗಸರ ಥೈರಾಯ್ಡ್ ಪರೀಕ್ಷೆ ಮಾಡಿ ಇದರ ಬಗ್ಗೆ ಬರೆದ. ಕಾಯಿಲೆಗೆ ಅವನ ಹೆಸರು ಉಳಿಯಿತು. ಆ ನಾಲ್ಕು ಜನರ ಹೆಸರು ಯಾರಿಗೂ ಗೊತ್ತಿಲ್ಲ. ಇದು ಸುಮ್ನೆ ಹೊಳೆದದ್ದು, ಬಿಡಿ.

75 ಮೈಕ್ರೋಗ್ರಾಂ ಮಾತ್ರೆ ಬರೆದುಕೊಟ್ಟರು. ಎದ್ದ ತಕ್ಷಣ, ಖಾಲಿ ಹೊಟ್ಟೆಯಲ್ಲಿ, ಜೀವನಪೂರ್ತಿ. ಕೆಲವೇ ತಿಂಗಳಲ್ಲಿ ನಾನು ಮನುಷ್ಯಳಾದೆ. ಆಮೇಲೆ ವರ್ಷಕ್ಕೊಂದು ಸಲ ರಕ್ತ ಕೊಡುವುದು, ನಾರ್ಮಲ್ ಅನ್ನಿಸಿಕೊಳ್ಳುವುದು, ಮರೆಯುವುದು. ಅದೊಂದು ಕಾಯಿಲೆ ಅಂತಲೂ ಅನ್ನಿಸುತ್ತಿರಲಿಲ್ಲ.

31ಕ್ಕೆ ಮೊದಲ ಸಲ ಬಸಿರಿನ ಪರೀಕ್ಷೆಯಲ್ಲಿ ಎರಡು ಗೆರೆ ಬಂತು.

ಡಾಕ್ಟರ್ ಹತ್ತಿರ ಹೋದಾಗ ಹೇಳಿದೆ, "ಮೇಡಂ, ನಾನು ಥೈರಾಯ್ಡ್ ಮಾತ್ರೆ ತಗೊಳ್ತೀನಿ." ಅವರು ಫೈಲ್ ತಿರುವಿದರು. ಕೊನೆಯ ರಿಪೋರ್ಟ್ ಏಳು ತಿಂಗಳ ಹಿಂದಿನದು. ಟಿಎಸ್‌ಎಚ್ 3.8. ಪಕ್ಕದಲ್ಲಿ ಲ್ಯಾಬಿನವರು ಅಚ್ಚು ಹಾಕಿದ್ದ ಮಿತಿ 0.4ರಿಂದ 4.5. ದಪ್ಪ ಅಕ್ಷರ ಇರಲಿಲ್ಲ, ನಕ್ಷತ್ರದ ಗುರುತೂ ಇರಲಿಲ್ಲ. "ನಾರ್ಮಲ್ ಇದೆಯಲ್ಲಾ, ಅದೇ ಡೋಸ್ ಮುಂದುವರಿಸಿ. ಮುಂದಿನ ತಿಂಗಳು ಎಲ್ಲಾ ರಕ್ತ ಪರೀಕ್ಷೆ ಒಟ್ಟಿಗೇ ಮಾಡಿಸೋಣ" ಅಂದರು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಅವರನ್ನು ಈಗ ಬೈಯುವ ಮನಸ್ಸಿಲ್ಲ. ಒಂದು ಕಾಲಕ್ಕೆ ಸಿಕ್ಕಾಪಟ್ಟೆ ಬೈದಿದ್ದೇನೆ.

ಮುಂದಿನ ತಿಂಗಳು ಬರಲೇ ಇಲ್ಲ. ಎಂಟನೇ ವಾರದಲ್ಲಿ ಸ್ಕ್ಯಾನಿಂಗ್‌ಗೆ ಹೋದಾಗ ಪರದೆ ನನ್ನ ಕಡೆಗಿತ್ತು. ಸ್ಕ್ಯಾನ್ ಮಾಡುತ್ತಿದ್ದವರು ಅದನ್ನು ಮೆಲ್ಲಗೆ ತಮ್ಮ ಕಡೆ ತಿರುಗಿಸಿಕೊಂಡರು. ಅಷ್ಟಕ್ಕೇ ನನಗೆ ಗೊತ್ತಾಯಿತು. ಮಗು 8 ಮಿಲಿಮೀಟರ್ ಇತ್ತು. 7 ಮಿಲಿಮೀಟರ್ ಮುಟ್ಟಿದ ಮೇಲೂ ಎದೆಬಡಿತ ಕಾಣದಿದ್ದರೆ ಗರ್ಭ ಉಳಿದಿಲ್ಲ ಅಂತ ಲೆಕ್ಕ. ಆದರೂ ಒಂದು ವಾರ ಬಿಟ್ಟು ಇನ್ನೊಮ್ಮೆ ನೋಡಿದರು. 8 ಮಿಲಿಮೀಟರೇ.

"ನಿಂತಿದೆ" ಅಂದರು ಡಾಕ್ಟರ್.

ನಮ್ಮ ಭಾಷೆಯಲ್ಲಿ ಇದೊಂದು ವಿಚಿತ್ರ ನೋಡಿ. ಮುಟ್ಟು ನಿಂತಿತು ಅಂತ ಖುಷಿಪಟ್ಟಿದ್ದೆವು. ಗರ್ಭ ನಿಂತಿದೆ ಅಂತ ಅಮ್ಮ ಫೋನಿನಲ್ಲಿ ಅಕ್ಕನಿಗೆ ಹೇಳಿದ್ದಳು. ಈಗ ಬಡಿತ ನಿಂತಿದೆ. ಹೋಗುವಾಗ ಮಾತ್ರ "ನಿಲ್ಲಲಿಲ್ಲ" ಅಂತೇವೆ. ಮೂರು ತಿಂಗಳಲ್ಲಿ ಒಂದೇ ಮಾತು ಇಷ್ಟು ಸಲ ಮಗ್ಗುಲು ಬದಲಿಸಿತು. ಆಸ್ಪತ್ರೆಯ ಕಾಗದದಲ್ಲಿ ಇನ್ನೂ ಕೆಟ್ಟದಾಗಿತ್ತು, "ಮಿಸ್ಡ್ ಅಬಾರ್ಷನ್". ಒಳಗೆ ಎಲ್ಲ ಮುಗಿದಿದ್ದರೂ ಮೈಗೆ ಅದು ಗೊತ್ತಾಗದೇ ಇರುವುದಕ್ಕೆ ಡಾಕ್ಟರುಗಳ ಭಾಷೆಯಲ್ಲಿ ಆ ಹೆಸರು. ನೆಂಟರು ಆ ಕಾಗದ ಓದಿ, "ಯಾಕೆ ತೆಗೆಸಿಕೊಂಡ್ರಿ?" ಅಂತ ಕೇಳಿದರು. ನಮ್ಮಲ್ಲಿ ತಾನಾಗಿ ಹೋದರೂ ಅಬಾರ್ಷನ್, ತೆಗೆಸಿದರೂ ಅಬಾರ್ಷನ್. ಗರ್ಭಪಾತ ಅನ್ನುವ ಮಾತಿನಲ್ಲೂ ಈ ಎರಡಕ್ಕೆ ಬೇರೆ ಬಾಗಿಲಿಲ್ಲ.

ಮಾತ್ರೆ ಕೊಟ್ಟರು. ಮನೆಯಲ್ಲೇ ಆಯಿತು. ಮುಟ್ಟಿನ ನೋವಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ ಅಂದಿದ್ದರು. ಸ್ವಲ್ಪ ಅಲ್ಲ. ಇದರ ಬಗ್ಗೆ ಇಷ್ಟು ಸಾಕು.

ಎರಡು ವಾರದ ನಂತರ ತೆಗೆದ ರಕ್ತದಲ್ಲಿ ಟಿಎಸ್‌ಎಚ್ 7.2 ಬಂತು. ಈ ಸಲ ದಪ್ಪ ಅಕ್ಷರ, ನಕ್ಷತ್ರ ಎರಡೂ ಇದ್ದವು.

ಅಲ್ಲಿಂದ ನನ್ನ ಹುಚ್ಚು ಶುರುವಾಯಿತು. ರಾತ್ರಿ ಎರಡು ಗಂಟೆಯವರೆಗೆ ಓದುತ್ತಿದ್ದೆ. ಹಳೇ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಖು, ಡೋಸ್, ಟಿಎಸ್‌ಎಚ್ ಅಂತ ಕಾಲಂ ಮಾಡಿದೆ. ಗೊತ್ತಾದ ಮೊದಲ ಸಂಗತಿ, ಆ 3.8 ಸಾಮಾನ್ಯ ಜನರಿಗೆ ನಾರ್ಮಲ್. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾ ಮಗು ಬೇಕು ಅಂತಿರುವವರು ಗರ್ಭ ಧರಿಸುವ ಮುಂಚೆಯೇ 2.5ಕ್ಕಿಂತ ಕೆಳಗಿರುವುದು ಒಳ್ಳೆಯದು ಅಂತ ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಎರಡನೆಯ ಸಂಗತಿ ಇನ್ನೂ ಚುಚ್ಚಿತು. ಮಗುವಿಗಾಗಿ ಪ್ರಯತ್ನ ಶುರು ಮಾಡಿದಾಗಿನಿಂದ ನಾನೇ ಅಂಗಡಿಯಿಂದ ತಂದು ಒಂದು ವಿಟಮಿನ್ ಮಾತ್ರೆ ನುಂಗುತ್ತಿದ್ದೆ. ಅದರಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಇತ್ತು. ಮರೆತುಹೋಗದಿರಲಿ ಅಂತ ಬೆಳಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ ಒಂದೇ ಗುಟುಕಿಗೆ. ಕಬ್ಬಿಣ, ಕ್ಯಾಲ್ಸಿಯಂ ಥೈರಾಯ್ಡ್ ಮಾತ್ರೆಯೊಳಗಿನ ಥೈರಾಕ್ಸಿನ್ ಹಾರ್ಮೋನ್‌ಗೆ ಹೊಟ್ಟೆಯಲ್ಲೇ ಅಂಟಿಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡುತ್ತವೆ. ಎರಡರ ನಡುವೆ 4 ಗಂಟೆ ಬಿಡಬೇಕು. ಡಬ್ಬದೊಳಗಿನ ಚೀಟಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಬರೆದೇ ಇತ್ತು.

ಅಂದರೆ ತಿಂಗಳುಗಟ್ಟಲೆ ನಾನು ಒಂದು ಕೈಯಲ್ಲಿ ಮಾತ್ರೆ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿದ್ದೆ. ತಪ್ಪು ಸಿಕ್ಕಿತು. ಲೆಕ್ಕ ತಾಳೆಯಾಯಿತು. ನೀವು ನಂಬುತ್ತೀರೋ ಇಲ್ಲವೋ, ಆ ರಾತ್ರಿ ಅಳು ಬರಲಿಲ್ಲ. ಒಂಥರಾ ನಿರಾಳ ಅನ್ನಿಸಿತು.

ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆವು. ಹಾರ್ಮೋನ್ ವಿಷಯ ಮಾತ್ರ ನೋಡುವವರು, ವಯಸ್ಸಾದವರು, ನಿಧಾನಕ್ಕೆ ಮಾತಾಡುವವರು. ನನ್ನ ನೋಟ್‌ಬುಕ್ ಪೂರ್ತಿ ಓದಿದರು. ಆಮೇಲೆ ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಹೊಟ್ಟೆಯೊಳಗಿನ ಮಗುವಿನ ಥೈರಾಯ್ಡ್ 10-12 ವಾರದ ಹೊತ್ತಿಗೆ ಅಯೋಡಿನ್ ಹಿಡಿದುಕೊಳ್ಳಲು ಕಲಿಯುತ್ತದೆ. ತನಗೆ ಬೇಕಾದಷ್ಟು ಹಾರ್ಮೋನ್ ತಯಾರಿಸಲು 18-20 ವಾರ ಆಗಬೇಕು. ಅಲ್ಲಿಯವರೆಗೆ ತಾಯಿಯದೇ ಇಬ್ಬರಿಗೂ. ಅದಕ್ಕೆ ಪ್ರಕೃತಿ ಒಂದು ಏರ್ಪಾಡು ಮಾಡಿದೆ. ಬಸಿರಿನ ಪರೀಕ್ಷೆಯಲ್ಲಿ ಗೆರೆ ಮೂಡಿಸುವ ಎಚ್‌ಸಿಜಿ ಹಾರ್ಮೋನ್ ಇದೆಯಲ್ಲ, ಅದು ನೋಡಲು ಟಿಎಸ್‌ಎಚ್‌ಗೆ ದಾಯಾದಿ. ಮೊದಲ ಮೂರು ತಿಂಗಳು ಅದೂ ಥೈರಾಯ್ಡನ್ನು ದೂಡಿ ಜಾಸ್ತಿ ಕೆಲಸ ಮಾಡಿಸುತ್ತದೆ. ಗ್ರಂಥಿ ಗಟ್ಟಿಯಾಗಿದ್ದರೆ ದುಡಿಯುತ್ತದೆ. "ನಿಮ್ಮದು ಸೋತ ಎತ್ತು. ಇಬ್ಬರು ಸೇರಿ ಚಾಟಿ ಬೀಸಿದರೂ ಏಳುವುದಿಲ್ಲ. ಬೇಕಾದದ್ದೆಲ್ಲ ಮಾತ್ರೆಯಿಂದಲೇ ಬರಬೇಕು" ಅಂದರು.

ಎಷ್ಟು ಬೇಕು? 2004ರಲ್ಲಿ ಒಂದು ಅಧ್ಯಯನ ಬಂದಿತ್ತಂತೆ. ಮೊದಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದ 19 ಹೆಂಗಸರನ್ನು ಬಸಿರಿನ ಉದ್ದಕ್ಕೂ ಗಮನಿಸಿದರು. ಹೆಚ್ಚಿನವರಿಗೆ ಡೋಸ್ ಏರಿಸಬೇಕಾಯಿತು. ಮೊದಲ ಅರ್ಧದಲ್ಲಿ ಸರಾಸರಿ ಶೇ. 47ರಷ್ಟು. ಆ ಏರಿಕೆ 5ನೇ ವಾರಕ್ಕೇ ಶುರುವಾಗಿತ್ತು. 5ನೇ ವಾರ ಅಂದರೆ ಎಷ್ಟೋ ಜನ ಡಾಕ್ಟರ್ ಹತ್ತಿರ ಹೋಗಿಯೇ ಇರುವುದಿಲ್ಲ. ಅದಕ್ಕೇ ಈಗ ಹೇಳುವುದು, ಗೆರೆ ಬಂದ ದಿನವೇ ವಾರಕ್ಕೆ ಎರಡು ಮಾತ್ರೆ ಹೆಚ್ಚು ಮಾಡಿ, ತಕ್ಷಣ ಡಾಕ್ಟರಿಗೆ ತಿಳಿಸಿ ಅಂತ. ಏಳಿದ್ದದ್ದು ಒಂಬತ್ತು. ಶೇ. 29ರ ಹತ್ತಿರ ಆಗುತ್ತದೆ, ನಾನು ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಆಮೇಲೆ ನಾಲ್ಕು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿ ಹೊಂದಿಸಿಕೊಳ್ಳುವುದು. (ನೀವೂ ಈ ಮಾತ್ರೆ ತೆಗೆದುಕೊಳ್ಳುವವರಾದರೆ ಇದನ್ನು ಗೆರೆ ಬರುವ ಮುಂಚೆಯೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಎಲ್ಲರ ಲೆಕ್ಕ ಒಂದೇ ಇರುವುದಿಲ್ಲ.)

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. "ಇದರಿಂದಲೇ ಆಯಿತು ಅಂತ ಮಾತ್ರ ಅಂದುಕೊಳ್ಳಬೇಡಿ. 7 ಅನ್ನುವುದು ಸರಿಯಿಲ್ಲ, ನಿಜ. ಆದರೆ ಹೆಚ್ಚುಕಡಿಮೆ ಇದೇ ಸಂಖ್ಯೆ ಇಟ್ಟುಕೊಂಡು ಹೆತ್ತವರನ್ನೂ ನೋಡಿದ್ದೇನೆ." ನಾನು ತಲೆಯಾಡಿಸಿದೆ. ಕೇಳಿಸಿಕೊಳ್ಳಲಿಲ್ಲ. ಅಷ್ಟು ಕಷ್ಟಪಟ್ಟು ಹುಡುಕಿದ ತಪ್ಪನ್ನು ಯಾರು ಬಿಟ್ಟುಕೊಡುತ್ತಾರೆ?

ಆ ಕ್ಲಿನಿಕ್ಕಿನ ಬೆಂಚಿನಲ್ಲಿ ಒಬ್ಬಾಕೆಯ ಪರಿಚಯವಾಯಿತು. ಅವರದು ನನ್ನದಕ್ಕೆ ತದ್ವಿರುದ್ಧ, ಥೈರಾಯ್ಡ್ ಓಡುವುದು ಜಾಸ್ತಿ. ಗ್ರೇವ್ಸ್ ಕಾಯಿಲೆ. ರೇಡಿಯೋಆಕ್ಟಿವ್ ಅಯೋಡಿನ್ ಕೊಟ್ಟಿದ್ದರು, ಆರು ತಿಂಗಳು ಬಸಿರಾಗುವ ಹಾಗಿಲ್ಲ ಅಂದಿದ್ದರು. ಅವರಿಗೂ ಒಂದು ಹೋಗಿತ್ತು. ಥೈರಾಯ್ಡ್ ಹದ ತಪ್ಪಿ ಮೇಲೆ ಹೋದರೂ ಗರ್ಭಕ್ಕೆ ಅಪಾಯವೇ. ನಾನು ಬೆಳಗ್ಗೆ ಏಳಲಾರದೆ ಒದ್ದಾಡುತ್ತಿದ್ದಾಗ ಅವರು ರಾತ್ರಿ ಮಲಗಲಾರದೆ ಒದ್ದಾಡುತ್ತಿದ್ದರಂತೆ. ಇಬ್ಬರೂ ನಕ್ಕೆವು. ಆ ದಿನಗಳಲ್ಲಿ ನಾನು ನಕ್ಕಿದ್ದು ಅದೊಂದೇ ಇರಬೇಕು.

ಮುಂದಿನ ಒಂದೂವರೆ ವರ್ಷ ನನ್ನಷ್ಟು ಶಿಸ್ತಿನ ಪೇಷೆಂಟ್ ಯಾರೂ ಇರಲಿಕ್ಕಿಲ್ಲ. ಬೆಳಗ್ಗೆ ಐದೂವರೆಗೆ ಅಲಾರಂ. ಮಾತ್ರೆ, ನೀರು, ಅಷ್ಟೇ. ಒಂದು ಗಂಟೆ ಬೇರೇನೂ ಇಲ್ಲ. ವಿಟಮಿನ್ ಮಾತ್ರೆ ರಾತ್ರಿಗೆ. ಈ ಮಾತ್ರೆಯ ಅಂಶ ಮೈಯಲ್ಲಿ ಅರ್ಧಕ್ಕೆ ಇಳಿಯಲು ಒಂದು ವಾರ ತೆಗೆದುಕೊಳ್ಳುತ್ತದೆ, ಡೋಸ್ ಬದಲಿಸಿದರೆ ರಕ್ತದಲ್ಲಿ ನೆಲೆಗೊಳ್ಳಲು ಆರು ವಾರ. ಆರು ವಾರಕ್ಕೊಮ್ಮೆ ಹೋಗಿ ಕೈ ಚಾಚುತ್ತಿದ್ದೆ. 3.1. ಆಮೇಲೆ 2.4. ಆಮೇಲೆ 1.7. ಆ 1.7 ಬಂದ ದಿನ ಆ ಸಂಖ್ಯೆಯ ಸುತ್ತ ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದೆ.

ನನ್ನ ಗಂಡ ಒಂದು ದಿನ ಕೇಳಿದರು, "ಇದರಲ್ಲಿ ನಾನೇನಾದ್ರೂ ಮಾಡೋದಿದೆಯಾ?" ನಾನು ಸಿಡುಕಿಯೇ ಹೇಳಿದೆ, "ಅಲಾರಂ ಆದಾಗ ನೀವೇ ಎದ್ದು ಮಾತ್ರೆ ಕೊಡಿ." ಅವತ್ತಿನಿಂದ ಇವತ್ತಿನವರೆಗೂ ಅವರೇ ಏಳುವುದು. ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆಯುತ್ತೇನೆ.

33ಕ್ಕೆ ಮತ್ತೆ ಎರಡು ಗೆರೆ. ಅವತ್ತೇ ಡಾಕ್ಟರಿಗೆ ಫೋನ್, ಅವತ್ತೇ ಡಬ್ಬಿಯಲ್ಲಿ ಸೋಮವಾರಕ್ಕೂ ಗುರುವಾರಕ್ಕೂ ಇನ್ನೊಂದೊಂದು ಮಾತ್ರೆ. ಮರುದಿನ ರಕ್ತ ಕೊಟ್ಟೆ, 2.0. ನಾಲ್ಕು ವಾರ ಬಿಟ್ಟು ಕೊಟ್ಟೆ, 1.6. ಏಳನೇ ವಾರದಲ್ಲಿ ಬಡಿತ ಕಂಡಿತು, ಪರದೆ ಈ ಸಲ ಯಾರೂ ತಿರುಗಿಸಲಿಲ್ಲ. ಅಕ್ಕಿಕಾಳಿನಷ್ಟರೊಳಗೆ ಏನೋ ಮಿಣುಕುತ್ತಿತ್ತು. ಎಲ್ಲವೂ ಸರಿಯಿತ್ತು. ಪುಸ್ತಕದಲ್ಲಿ ಬರೆದ ಹಾಗೆ ಸರಿಯಿತ್ತು.

ಒಂಬತ್ತು ವಾರ ದಾಟಿ ಒಂದು ಬುಧವಾರ ಸ್ವಲ್ಪ ಕಂದು ಕಲೆ ಕಂಡಿತು. ಸಂಜೆ ಸ್ಕ್ಯಾನಿಂಗ್. ನಿಂತಿತ್ತು.

ರಾತ್ರಿ ಹಾರ್ಮೋನ್ ಡಾಕ್ಟರಿಗೆ ಫೋನ್ ಮಾಡಿದ್ದು ನನ್ನ ಗಂಡ. ಅವರು ಸಮಾಧಾನ ಹೇಳಿ, ಕೊನೆಗೆ, "ಇನ್ನು ಮಾತ್ರೆ ಹಳೇ ಡೋಸ್ ಸಾಕು" ಅಂದರಂತೆ. ಬಸಿರಿಲ್ಲದ ಮೇಲೆ ಹೆಚ್ಚಿನದು ಬೇಡವಲ್ಲ. ಮರುದಿನ ಗುರುವಾರ. ಐದೂವರೆಗೆ ಅಲಾರಂ ಆಯಿತು. ನಾನು ಎಚ್ಚರವಾಗಿಯೇ ಇದ್ದೆ, ಕಣ್ಣು ತೆರೆಯಲಿಲ್ಲ. ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು. ಗೂಡಿನಲ್ಲಿ ಎರಡಿದ್ದವು. ಅವರು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಒಂದು ಮಾತ್ರೆ ನನ್ನ ಬಾಯಿಗೆ ಬಂತು. ಇನ್ನೊಂದನ್ನು ವಾಪಸ್ ಗೂಡಿಗೆ ಹಾಕಿ ಮುಚ್ಚಿದ ಸದ್ದು. ಟಕ್.

ಎರಡು ಸಲದ ಆಸ್ಪತ್ರೆ, ರಕ್ತ, ನೋವು, ಎಲ್ಲಕ್ಕಿಂತ ನನಗೆ ಇವತ್ತಿಗೂ ತಡೆಯಲಾಗದ್ದು ಆ ಟಕ್ ಅನ್ನುವ ಸದ್ದು.

ಈ ಸಲ ಒಳಗಿನಿಂದ ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ಮೂರು ವಾರಕ್ಕೆ ಉತ್ತರ ಬಂತು. ಟ್ರೈಸೋಮಿ 16. ಎರಡಿರಬೇಕಾದ 16ನೇ ಕ್ರೋಮೋಸೋಮ್ ಮೂರಿತ್ತು. ಗರ್ಭ ಹೋದಾಗ ಕಾಣುವ ಟ್ರೈಸೋಮಿಗಳಲ್ಲಿ ಇದೇ ಹೆಚ್ಚು ಸಾಮಾನ್ಯವಂತೆ. ಅಂಡಾಣು ಮಾಗುವಾಗಲೇ ಆಗಿಹೋಗುವ ಎಡವಟ್ಟು ಅದು. ಗೆರೆ ಕಾಣುವ ಮುಂಚೆಯೇ, ನಾನು ಡಬ್ಬಿಗೆ ಒಂಬತ್ತು ಹಾಕುವ ಮುಂಚೆಯೇ ಎಲ್ಲ ತೀರ್ಮಾನವಾಗಿತ್ತು. 1.6 ಇದ್ದರೂ ಅಷ್ಟೇ, 16 ಇದ್ದರೂ ಅಷ್ಟೇ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಹೀಗೆ ಹೋಗುತ್ತವೆ, ಮೊದಲ ಮೂರು ತಿಂಗಳಲ್ಲಿ ಹೋಗುವವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕ್ರೋಮೋಸೋಮ್ ಕಾರಣ ಅಂತ ಡಾಕ್ಟರ್ ಹೇಳಿದರು. "ನಿಮ್ಮ ತಪ್ಪಲ್ಲ" ಅಂದರು.

ನಿಮ್ಮ ತಪ್ಪಲ್ಲ ಅಂದರೆ ಖುಷಿಯಾಗಬೇಕಲ್ವಾ? ನನಗೆ ಕಾಲ ಕೆಳಗಿನ ನೆಲವೇ ಸರಿದ ಹಾಗಾಯಿತು. ತಪ್ಪು ನನ್ನದಾಗಿದ್ದರೆ ತಿದ್ದುವುದೂ ನನ್ನ ಕೈಯಲ್ಲಿತ್ತು. ಕಬ್ಬಿಣದ ಮಾತ್ರೆ ರಾತ್ರಿಗೆ ಹಾಕಿದ್ದು, ಐದೂವರೆ ಅಲಾರಂ, ಗುಂಡಗೆ ಗೆರೆ ಎಳೆದ 1.7, ಎಲ್ಲವೂ ಆ ನಂಬಿಕೆಯ ಮೇಲೆ ನಿಂತಿತ್ತು. ಈಗ ಹಿಂದಕ್ಕೆ ಹೋಗಿ ಮೊದಲನೆಯದನ್ನೂ ಅನುಮಾನದಿಂದ ನೋಡಬೇಕಾಯಿತು. ಅದನ್ನು ಯಾರೂ ಪರೀಕ್ಷೆಗೆ ಕಳಿಸಿರಲಿಲ್ಲ. ಅದೂ ಕ್ರೋಮೋಸೋಮಿನದೇ ಇರಬಹುದು. ಥೈರಾಯ್ಡೇ ಇರಬಹುದು. ಎರಡೂ ಇರಬಹುದು. ಆ ಕಾಲಂ ಖಾಲಿ. ಖಾಲಿ ಕಾಲಂ ಬಿಟ್ಟು ಪುಟ ತಿರುಗಿಸುವುದು ನನ್ನಂಥವಳಿಗೆ ಎಷ್ಟು ಕಷ್ಟ ಅಂತ ನಮ್ಮ ಕೆಲಸದವರಿಗೆ ಗೊತ್ತಾಗುತ್ತದೆ.

ಆಗ ಇನ್ನೊಂದು ಬಾಗಿಲು ತಟ್ಟಿದೆ. ಹಾಶಿಮೋಟೊ ಇರುವ ಹೆಚ್ಚಿನವರ ರಕ್ತದಲ್ಲಿ ಟಿಪಿಒ ಆಂಟಿಬಾಡಿ, ಅಂದರೆ ಥೈರಾಯ್ಡಿನ ವಿರುದ್ಧ ಆ ಕಾವಲು ಪಡೆಯೇ ತಯಾರಿಸಿದ ಅಸ್ತ್ರ, ಇರುತ್ತದೆ. ಅದು ಇರುವವರಲ್ಲಿ, ಟಿಎಸ್‌ಎಚ್ ಸರಿಯಿದ್ದರೂ, ಗರ್ಭ ಹೋಗುವುದು ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. "ಹಾಗಾದ್ರೆ ಆಂಟಿಬಾಡಿಗೇ ಏನಾದ್ರೂ ಕೊಡಿ" ಅಂತ ಡಾಕ್ಟರಿಗೆ ಗಂಟುಬಿದ್ದೆ. ಅವರು ಕಂಪ್ಯೂಟರಿನಲ್ಲಿ ಒಂದು ಲೇಖನ ತೆಗೆದು ತೋರಿಸಿದರು. ಬ್ರಿಟನ್ನಿನ 49 ಆಸ್ಪತ್ರೆಗಳಲ್ಲಿ ನಡೆದ ಟ್ಯಾಬ್ಲೆಟ್ ಅನ್ನುವ ಪ್ರಯೋಗ, 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. ಹಿಂದೆ ಗರ್ಭ ಕಳೆದುಕೊಂಡ ಅಥವಾ ಮಕ್ಕಳಾಗದ, ಆಂಟಿಬಾಡಿ ಇದ್ದೂ ಥೈರಾಯ್ಡ್ ಸರಿಯಿದ್ದ 952 ಹೆಂಗಸರು. ಅರ್ಧ ಜನಕ್ಕೆ ಥೈರಾಕ್ಸಿನ್, ಅರ್ಧ ಜನಕ್ಕೆ ಹುಸಿ ಮಾತ್ರೆ. ಮಗು ಹುಟ್ಟಿ ಬದುಕಿದ್ದು ಒಂದು ಗುಂಪಿನಲ್ಲಿ ಶೇ. 37.4, ಇನ್ನೊಂದರಲ್ಲಿ ಶೇ. 37.9. ನೋಡಿದ ತಕ್ಷಣ ಯಾವುದು ಯಾವುದು ಅಂತ ಕೇಳಿದೆ. "ಯಾವುದಾದರೇನು?" ಅಂದರು. (ಕಡಿಮೆ ಇದ್ದದ್ದು ಥೈರಾಕ್ಸಿನ್ ಗುಂಪು. ನನಗೆ ತಿಳಿಯಲೇಬೇಕಿತ್ತು.) ಹಾಗಂತ ನನ್ನ ಮಾತ್ರೆ ಬಿಡುವ ಹಾಗಿಲ್ಲ, ನನ್ನ ಗ್ರಂಥಿ ಕೆಲಸವನ್ನೇ ಬಿಟ್ಟಿದೆ. ಆದರೆ ಆಂಟಿಬಾಡಿಗಾಗಿ ಇನ್ನೂ ಜಾಸ್ತಿ ನುಂಗಿ ಪ್ರಯೋಜನವಿಲ್ಲ.

ಅಲ್ಲಿಗೆ ನನಗೆ ತಟ್ಟಲು ಬಾಗಿಲುಗಳು ಮುಗಿದವು.

ಜನ ಮಾತ್ರ ಇನ್ನೂ ಕಾರಣ ಕೊಡುತ್ತಲೇ ಇದ್ದಾರೆ. ಮೆಟ್ಟಿಲು ಹತ್ತಿದ್ದಕ್ಕೆ. ಬಕೆಟ್ ಎತ್ತಿದ್ದಕ್ಕೆ. ಕಂಪ್ಯೂಟರ್ ಮುಂದೆ ಕೂತಿದ್ದಕ್ಕೆ. ಅತ್ತೆ ಇವನ್ನೆಲ್ಲ ಕೇಳಿಸಿಕೊಂಡು ಒಂದು ದಿನ ನನ್ನ ರೂಮಿಗೆ ಬಂದು ಬಾಗಿಲು ಹಾಕಿದರು. "ನಂಗೂ ಇವನಿಗಿಂತ ಮುಂಚೆ ಒಂದು ಹೋಗಿತ್ತು. ಯಾಕೆ ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ" ಅಂದರು. ಮದುವೆಯಾಗಿ ಆರು ವರ್ಷಕ್ಕೆ ಮೊದಲ ಸಲ ಈ ಸುದ್ದಿ. ನನ್ನ ಗಂಡನಿಗೂ ಗೊತ್ತಿರಲಿಲ್ಲ. ಇಬ್ಬರೂ ಹಾಸಿಗೆ ಮೇಲೆ ಕೂತು ಒಗೆದ ಬಟ್ಟೆ ಮಡಚಿದೆವು.

ಈಗ ನನಗೆ 34. ಮತ್ತೆ ಪ್ರಯತ್ನ ಮಾಡಬೇಕಾ ಬೇಡವಾ ಅಂತ ಮಾತಾಡುತ್ತಲೇ ಇದ್ದೇವೆ, ಕೆಲವು ದಿನ ಹೌದು, ಕೆಲವು ದಿನ ಬೇಡ. ಹೋದ ತಿಂಗಳ ಟಿಎಸ್‌ಎಚ್ 1.9. ಗುಂಡಗೆ ಗೆರೆ ಎಳೆಯಲಿಲ್ಲ, ಬರೆದಿಟ್ಟೆ ಅಷ್ಟೇ. ರಿಪೋರ್ಟ್‌ಗಳ ನಕಲು ಈಗಲೂ ಇಟ್ಟುಕೊಳ್ಳುತ್ತೇನೆ. ನಾರ್ಮಲ್ ಅಂದರೆ ಯಾರಿಗೆ ನಾರ್ಮಲ್ ಅಂತ ಈಗಲೂ ಕೇಳುತ್ತೇನೆ. ಆ ಚಟ ಬಿಡುವುದಿಲ್ಲ, ಬಿಡಲೂಬಾರದು.

ಹೋದ ಶನಿವಾರ ಮಧ್ಯಾಹ್ನ ಚಿಕ್ಕಮ್ಮನ ಮಗಳಿಂದ ವಾಟ್ಸಾಪ್ ಬಂತು. ಫೋಟೋದಲ್ಲಿ ಎರಡು ಗೆರೆ. ಕೆಳಗೆ, "ಅಕ್ಕಾ, ಇನ್ನೂ ಅಮ್ಮಂಗೂ ಹೇಳಿಲ್ಲ. ನಿಂಗೇ ಮೊದ್ಲು." ಅವಳೂ ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ನಾನು ಟೈಪ್ ಮಾಡಿದೆ: ಎಷ್ಟು ಮೈಕ್ರೋಗ್ರಾಂ? ಕೊನೇ ಟೆಸ್ಟ್ ಯಾವಾಗ? ಎಷ್ಟು ಬಂದಿತ್ತು? ಕಬ್ಬಿಣದ ಮಾತ್ರೆ ಯಾವ ಹೊತ್ತಿಗೆ? ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಡೋಸ್ ಕೇಳು, ಸೋಮವಾರದವರೆಗೆ ಕಾಯಬೇಡ.

ಅವಳು ಪಾಪ ಒಂದೊಂದಕ್ಕೂ ಉತ್ತರ ಬರೆದಳು. ಫೋನ್ ಮಾಡಿದಳು, ಡೋಸ್ ಕೇಳಿದಳು, ಹಾಗೇ ನನಗೆ ತಿಳಿಸಿದಳು. ಎಲ್ಲ ಮುಗಿದ ಮೇಲೆ ಮೇಲಿಂದ ಓದಿಕೊಂಡು ಬಂದೆ. ಅಷ್ಟುದ್ದ ಮಾತಿನಲ್ಲಿ ಒಂದೇ ಒಂದು ಕಡೆಯೂ ನಾನು ಖುಷಿಯಾಯಿತು ಅಂತ ಹೇಳಿರಲಿಲ್ಲ. ಆ ಫೋಟೋ ಇನ್ನೊಮ್ಮೆ ದೊಡ್ಡದು ಮಾಡಿ ನೋಡಿದೆ, ಎರಡನೇ ಗೆರೆ ಒಳ್ಳೇ ಗಾಢವಾಗಿತ್ತು. ಫೋನ್ ತೆಗೆದುಕೊಂಡು ಅವಳಿಗೆ ಕರೆ ಮಾಡಿದೆ.